ಹಿಟ್ಟಿನೊಳಗಿನ ಗಾಳಿ

ನೀರನ್ನು ಮೊದಲು ಹಾಕಿದ್ದು ತಪ್ಪು ಎಂದು ಅವನಿಗೆ ಹೊಳೆದದ್ದು ಮೂರು ಹಿಡಿ ಮೈದಾ ಅದರಲ್ಲಿ ಮುಳುಗಿದ ಮೇಲೆ. ಬಟ್ಟಲು, ಬಟ್ಟಲಲ್ಲಿ ತಣ್ಣನೆಯ ಸೋಡಾನೀರು, ಮೇಲಿನಿಂದ ಬೆರಳ ಸಂದಿಯಲ್ಲಿ ಸಣ್ಣಗೆ ಉದುರುವ ಹಿಟ್ಟು. ಕೈ ತನ್ನ ಪಾಡಿಗೆ ತಾನು ಮಾಡಿಕೊಂಡು ಹೋಗಿತ್ತು. ಅದು ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದವಡೆಯ ಅಚ್ಚಿಗೆ ಪ್ಲಾಸ್ಟರ್ ಕಲಸಿದ ಕೈ. ಪ್ಲಾಸ್ಟರಿಗೆ ಮೊದಲು ನೀರು, ಆಮೇಲೆ ಪುಡಿ, ಅದೂ ಅವಸರವಿಲ್ಲದೆ, ಪುಡಿ ತಾನಾಗಿ ನೀರು ಕುಡಿಯುವ ತನಕ ಕಾದು. ಆಮೇಲೆ ಚಪ್ಪಟೆ ಚಮಚದಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಒಂದು ಗಂಟೂ ಉಳಿಯದ ಹಾಗೆ ತಿಕ್ಕಿ. ಕೊನೆಗೆ ಬಟ್ಟಲನ್ನು ಮೇಜಿನ ಅಂಚಿಗೆ ತಟ್ಟಬೇಕು, ಒಳಗೆ ಸಿಕ್ಕಿಕೊಂಡ ಗಾಳಿಯೆಲ್ಲ ಗುಳ್ಳೆಯಾಗಿ ಮೇಲೆ ಬಂದು ಒಡೆದುಹೋಗುವ ತನಕ. ಕರಿಯುವ ಮೀನಿನ ಹಿಟ್ಟಿಗೆ ಎಲ್ಲವೂ ಇದರ ತದ್ವಿರುದ್ಧ. ಹಿಟ್ಟು ಮೊದಲು, ಸೋಡಾ ಆಮೇಲೆ. ಅಲ್ಲೊಂದು ಇಲ್ಲೊಂದು ಗಂಟು ಉಳಿದರೆ ಉಳಿಯಲಿ. ಗುಳ್ಳೆಯನ್ನಂತೂ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಬೇಕು. ಇದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವನ ಕೈಗೆ ಬರುವ ಅಡುಗೆ ಇದೊಂದೇ, ಹನ್ನೆರಡನೆಯ ವಯಸ್ಸಿನಲ್ಲಿ ಅಕ್ಕ ಹೇಳಿಕೊಟ್ಟದ್ದು. ಆದರೆ ಮನಸ್ಸು ಬೇರೆಲ್ಲೋ ಕೂತಿದ್ದರೆ ಕೈ ತನಗೆ ರೂಢಿಯಾದ ದಾರಿಯನ್ನೇ ಹಿಡಿಯುತ್ತದೆ, ಪಾಪ, ಅದರದೇನು ತಪ್ಪು.

ಮುಂದಿನ ಕೋಣೆಯಲ್ಲಿ ಹೊಲಿಗೆಯ ಯಂತ್ರ ನಿಂತಿತು. "ರೀ, ಯಾರ ಹಲ್ಲು ಮಾಡ್ತಾ ಇದ್ದೀರಿ ಅಲ್ಲಿ?" ಎಂದು ಹೆಂಡತಿ ಕೂಗಿದಳು. ಆಗಲೇ ಅವನಿಗೆ ಕೇಳಿಸಿದ್ದು: ಟಕ್ ಟಕ್ ಟಕ್. ಬಟ್ಟಲು ಕಟ್ಟೆಯ ಅಂಚಿಗೆ ಬಡಿಯುತ್ತಿತ್ತು, ಎಷ್ಟು ಹೊತ್ತಿನಿಂದಲೋ. ಅವನು ಬಗ್ಗಿ ನೋಡಿದ. ಹಿಟ್ಟು ನುಣ್ಣಗೆ, ಬೆಳ್ಳಗೆ, ಒಂದು ಗುಳ್ಳೆಯೂ ಇಲ್ಲದೆ, ಆಸ್ಪತ್ರೆಯ ದೊಡ್ಡ ಡಾಕ್ಟರು ನೋಡಿದ್ದರೆ ಬೆನ್ನು ತಟ್ಟುವ ಹಾಗೆ ಮಲಗಿತ್ತು. "ಯಾರದೂ ಇಲ್ಲ" ಎಂದು ಅವನು ಹೇಳಿದ್ದು ಬೇಕಾದದ್ದಕ್ಕಿಂತ ಜೋರಾಗಿಯೇ ಕೇಳಿಸಿತು. ಯಂತ್ರ ಮತ್ತೆ ಓಡಿತು. ನಾಳೆ ಬೆಳಗ್ಗೆ ಶಾಲೆಯೊಂದಕ್ಕೆ ಹದಿನಾಲ್ಕು ಅಂಗಿ ಮುಟ್ಟಿಸಬೇಕು ಅವಳು. "ಅಕ್ಕ ನಿಮ್ಮೋರು, ಮೀನು ನಿಮ್ದು. ಭಾನುವಾರ ಒಂದಿನ ನನ್ನನ್ನ ಒಲೆ ಹತ್ರ ಕರೀಬೇಡಿ" ಎಂದು ಬೆಳಗ್ಗೆಯೇ ಹೇಳಿ ಕೂತಿದ್ದಳು. ಅದು ಅವನಿಗೂ ಬೇಕಾಗಿದ್ದದ್ದೇ.

ಅಕ್ಕ ಒಂದು ಗಂಟೆಯ ಬಸ್ಸಿಗೆ ಬರುತ್ತಾಳೆ. ಅವಳ ಬಾಯಲ್ಲಿರುವ ಎರಡು ಸಾಲು ಹಲ್ಲೂ ಅವನು ಮಾಡಿದ್ದು, ಎಂಟು ತಿಂಗಳ ಹಿಂದೆ. ಮೇಲಿನದು ಚೆನ್ನಾಗಿದೆ. ಅದರ ಬಗ್ಗೆ ಅವನಿಗೆ ಯಾರು ಬಂದು ಕೇಳಿದರೂ ಎದೆ ಮುಟ್ಟಿಕೊಂಡು ಹೇಳುವ ಧೈರ್ಯವಿತ್ತು. ಕೆಳಗಿನದರ ಬಗ್ಗೆ ಯಾರೂ ಕೇಳದಿರಲಿ ಎಂದು ಎಂಟು ತಿಂಗಳಿನಿಂದ ಆಸೆಪಡುತ್ತಿದ್ದ, ಯಾರೂ ಕೇಳಿರಲಿಲ್ಲ, ಅಕ್ಕನಂತೂ ತುಟಿ ಪಿಟಕ್ಕೆಂದಿರಲಿಲ್ಲ, ಇದೇ ಅವನನ್ನು ಒಳಗೊಳಗೇ ಕೊರೆಯುತ್ತಿದ್ದದ್ದು. ಹೋದ ಸಲ ಬಂದಾಗ ಅವಳು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅದ್ದಿ ತಿಂದಳು. "ಹಸಿವಿಲ್ಲ ಕಣೋ, ವಯಸ್ಸಾಯ್ತಲ್ಲ" ಎಂದಳು. ಅರವತ್ತನಾಲ್ಕಕ್ಕೆ ಹಸಿವು ಸತ್ತುಹೋಗುವ ಹೆಂಗಸಲ್ಲ ಅವಳು. ಚಿಕ್ಕಂದಿನಲ್ಲಿ ಹಸಿ ಕಬ್ಬನ್ನು ಹಲ್ಲಿನಲ್ಲೇ ಸಿಗಿದು ಅವನಿಗೆ ತುಂಡು ಮಾಡಿ ಕೊಡುತ್ತಿದ್ದವಳು. ಅವನು ಕೇಳಬಹುದಿತ್ತು: ಅಕ್ಕ, ಕೆಳಗಿನ ಸೆಟ್ಟು ಸರಿಯಾಗಿ ಕೂತಿದೆಯಾ? ಐದು ಪದ. ಪರಿಚಯವಿಲ್ಲದ ನೂರಾರು ಜನರನ್ನು ಕೇಳಿದವನಿಗೆ ಅವಳ ಎದುರು ನಾಲಗೆ ಏಳಲಿಲ್ಲ. ಹಾಲಿನ ಪಾತ್ರೆಯನ್ನು ಅವಳ ಹತ್ತಿರಕ್ಕೆ ಸರಿಸಿ ಕೂತ. ಈ ಸಲ ಫೋನಿನಲ್ಲಿ ಏನು ಮಾಡಲಿ ಎಂದು ಕೇಳಿದಾಗ ಒಂದು ಕ್ಷಣ ತಡೆದು, "ಮೀನು ಕರಿ. ಹಿಟ್ಟಲ್ಲಿ ಅದ್ದಿ, ಗರಿಗರಿಯಾಗಿ. ಎಷ್ಟು ದಿನ ಆಯ್ತು" ಅಂದಿದ್ದಳು. ಆ ಒಂದು ಕ್ಷಣದ ತಡೆಯನ್ನು ಅವನು ವಾರದಿಂದ ಹಿಡಿದುಕೊಂಡು ಓಡಾಡುತ್ತಿದ್ದಾನೆ.

ಎಣ್ಣೆ ಕಾದಿತ್ತು. ಒಂದು ತುಂಡು ಮೀನನ್ನು ನುಣ್ಣನೆಯ ಹಿಟ್ಟಿನಲ್ಲಿ ಅದ್ದಿ ಬಿಟ್ಟ. ಅದು ತಳಕ್ಕೆ ಹೋಯಿತು, ಬೇಕೋ ಬೇಡವೋ ಎನ್ನುವ ಹಾಗೆ ಮೇಲೆ ಬಂತು, ಸದ್ದಿಲ್ಲದೆ ಕೆಂಪಾಯಿತು. ತೆಗೆದು, ಆರಿಸಿ, ಕಚ್ಚಿದ. ಒಳಗೆ ಮೀನು ಹದವಾಗಿಯೇ ಬೆಂದಿತ್ತು. ಹೊರಗಿನ ಕವಚ ಮಾತ್ರ ಚಕ್ಕಳದ ಹಾಗೆ ಎಳೆಯುತ್ತಿತ್ತು. ಹೆಂಡತಿ ಕತ್ತರಿಯನ್ನು ಕೈಯಲ್ಲೇ ಹಿಡಿದು ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡಳು, ಬಹಳ ಹೊತ್ತು ಅಗಿದಳು. "ಚೆನ್ನಾಗಿದೆ. ಮಳೆಗಾಲದಲ್ಲಿ ಚಪ್ಪಲಿಗೆ ಅಟ್ಟೆ ಹಾಕಿಸ್ಬಹುದು" ಎಂದಳು. ಅವನು ನಗಲಿಲ್ಲ. ಅವಳು ಅವನ ಮುಖವನ್ನು ಓರೆಗಣ್ಣಿನಿಂದ ನೋಡಿದಳು. "ಏನ್ರೀ, ನಿಮ್ಮಕ್ಕ ಬರ್ತಿದಾರೋ, ಪರೀಕ್ಷೆ ಮಾಡೋ ಸಾಹೇಬರು ಬರ್ತಿದಾರೋ? ಇನ್ನೊಂದು ಬಾಟ್ಲಿ ಸೋಡಾ ಇದೆಯಲ್ಲ ಫ್ರಿಜ್ಜಲ್ಲಿ. ಚೆಲ್ಲಿ, ಬೇರೆ ಕಲಸಿ" ಎಂದು ಬಾಯಲ್ಲಿನ ಚೂರನ್ನು ಇನ್ನೂ ಅಗಿಯುತ್ತಲೇ ಯಂತ್ರದ ಹತ್ತಿರ ಹೋದಳು.

ಪರೀಕ್ಷೆಯೇ ಅದು, ಇವಳಿಗೆ ಗೊತ್ತಿಲ್ಲ. ಇವಳಿಗೆ ಅವನು ಹೇಳಿಯೇ ಇಲ್ಲ. ಎಂಟು ತಿಂಗಳ ಹಿಂದೆ, ಅಳತೆ ಕೊಡುವ ದಿನ, ಅಕ್ಕ ಆಸ್ಪತ್ರೆಗೆ ಬಂದಿದ್ದಳು. ಡಾಕ್ಟರು ಅವಳ ಬಾಯಿಗೆ ಗುಲಾಬಿ ಬಣ್ಣದ ಪೇಸ್ಟು ತುಂಬಿದ ತಟ್ಟೆ ಇಟ್ಟು ಒಸಡಿನ ಅಳತೆ ತೆಗೆದುಕೊಂಡರು. ಎರಡು ಸಲ ಅವಳಿಗೆ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಆಮೇಲೆ ನಕ್ಕಳು. "ಇನ್ನು ನಿನ್ನ ಕೆಲ್ಸ ತೋರ್ಸು" ಎಂದು ಅವನ ಹಿಂದೆಯೇ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತುಬಿಟ್ಟಳು. ಇಪ್ಪತ್ತೆಂಟು ವರ್ಷದಲ್ಲಿ ಅವನ ಕೋಣೆಗೆ ಮನೆಯವರು ಯಾರಾದರೂ ಬಂದದ್ದು ಅದೇ ಮೊದಲು. ಒದ್ದೆ ಗೋಡೆ, ಬಿಳಿ ಧೂಳು, ಕಪಾಟಿನಲ್ಲಿ ಸಾಲಾಗಿ ಕೂತ ಯಾರ್‍ಯಾರದೋ ಪ್ಲಾಸ್ಟರಿನ ದವಡೆಗಳು. ಅವಳು ಬೀದಿಯ ಜನಕ್ಕೆಲ್ಲ ತನ್ನ ತಮ್ಮ ಹಲ್ಲಿನ ಡಾಕ್ಟರು ಎಂದೇ ಹೇಳಿಕೊಂಡು ಬಂದವಳು. ಅವನ ಬೀದಿಯಲ್ಲೂ ಜನ ಅವನನ್ನು ಹಾಗೆಯೇ ಕರೆಯುತ್ತಿದ್ದರು, ಅವನು ತಿದ್ದುತ್ತಿರಲಿಲ್ಲ. ಒಂದು ಬೆಳಗ್ಗೆ ಪಕ್ಕದ ಮನೆಯಾತ ಊದಿದ ಕೆನ್ನೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಾಗ, ನಾನು ಡಾಕ್ಟರಲ್ಲ, ಹಲ್ಲು ಮಾಡುವವನು ಅಷ್ಟೆ ಎಂದು ಬಾಗಿಲಲ್ಲೇ ಹೇಳಬೇಕಾಗಿ ಬಂದು, ಆತ ಆ ನೋವಿನಲ್ಲೂ "ಓ, ಹಾಗಾ" ಎಂದ ಧಾಟಿಯನ್ನು ಅವನು ಮರೆತಿಲ್ಲ. ಅಕ್ಕನ ಎದುರು ಅವನು ಬಟ್ಟಲು ತಟ್ಟಲಿಲ್ಲ. ಅದೇ ಅವನು ಮಾಡಿದ ತಪ್ಪು. ಗಾರೆ ಕೆಲಸದವನ ಹಾಗೆ ಬಟ್ಟಲು ಹಿಡಿದು ಟಕ್ ಟಕ್ ಎಂದು ಬಡಿಯುತ್ತ ಕೂರುವುದನ್ನು ಅವಳು ನೋಡುವುದು ಬೇಡವಾಗಿತ್ತು. ಬಿಳಿ ಕೋಟಿನ ತೋಳು ಮಡಚಿ, ಮಾತಾಡುತ್ತ, ಮದುವೆ ಮನೆಯಲ್ಲಿ ಪಾಯಸ ಬಡಿಸುವ ಹಾಗೆ ಬೀಸು ಕೈಯಲ್ಲಿ ಪ್ಲಾಸ್ಟರನ್ನು ಆ ಅಳತೆಯ ತಟ್ಟೆಯೊಳಕ್ಕೆ ಹೊಯ್ದ. "ಅಬ್ಬಾ, ಎಷ್ಟು ಸಲೀಸು!" ಎಂದಳು ಅಕ್ಕ. ಆ ಒಂದು ಮಾತಿಗೆ ಅವನು ಒಳಗೆ ಉಬ್ಬಿಹೋದ.

ಗಟ್ಟಿಯಾದ ಮೇಲೆ ಬಿಡಿಸಿ ನೋಡಿದರೆ ಕೆಳದವಡೆಯ ಬಲಗಡೆ, ಒಸಡಿನ ದಿಬ್ಬದ ಮೇಲೆಯೇ, ಒಂದು ತೂತು. ಸಾಸಿವೆಗಿಂತ ತುಸು ದೊಡ್ಡದು. ಗಾಳಿ ಕೂತಿದ್ದ ಜಾಗ. ಅಚ್ಚಿನಲ್ಲಿ ತೂತಿದ್ದರೆ ಸೆಟ್ಟಿನಲ್ಲಿ ಅಲ್ಲೊಂದು ಮೊಳೆ ಏಳುತ್ತದೆ, ಮೊಳೆ ಎದ್ದರೆ ಒಸಡಿಗೆ ಚುಚ್ಚುತ್ತದೆ, ಇದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಯುವ ಪಾಠ. ಬೇರೆ ಯಾರದ್ದಾದರೂ ಆಗಿದ್ದರೆ ಎರಡನೆಯ ಮಾತಿಲ್ಲದೆ ಮತ್ತೆ ಅಳತೆಗೆ ಕರೆಸುತ್ತಿದ್ದ. ಅಕ್ಕ ಆಗಲೇ ಬಸ್ಸು ಹತ್ತಿದ್ದಳು. ಮತ್ತೆ ಕರೆಸಿದರೆ ಮತ್ತೆ ಆ ಪೇಸ್ಟು, ಮತ್ತೆ ಆ ಓಕರಿಕೆ ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಹೇಳಿಕೊಳ್ಳದೆ ಬಿಟ್ಟದ್ದು, ಅಷ್ಟು ಸಲೀಸಾಗಿ ಹೊಯ್ದದ್ದು ಕೆಟ್ಟಿತು ಅಂತ ಯಾವ ಬಾಯಲ್ಲಿ ಹೇಳುವುದು ಎಂಬುದನ್ನು. ಒಂದು ಚಿಟಿಕೆ ಪ್ಲಾಸ್ಟರಿನಿಂದ ತೂತನ್ನು ಕಣ್ಣಳತೆಯಲ್ಲೇ ತುಂಬಿದ. ಸೆಟ್ಟು ಸಿದ್ಧವಾದ ಮೇಲೆ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದ. ಏನೋ ಒಂದು ಇತ್ತು ಅಲ್ಲಿ, ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅವನು ಇಲ್ಲ ಅಂದುಕೊಂಡ. ಹಾಕಿಕೊಂಡು ಕನ್ನಡಿ ನೋಡಿದ ಅಕ್ಕ, "ಹೂವಿನ ಹಾಗೆ ಕೂತಿದೆ ಕಣೋ" ಎಂದಳು. ಆಮೇಲೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು.

ಅವಳು ಏಕೆ ಹೇಳುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದ. ಹಿಂದೊಮ್ಮೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಅವನು ಮಾಡಿದ ಸೆಟ್ಟನ್ನು ಆಸ್ಪತ್ರೆಗೆ ತಂದು, ಕಾಯುತ್ತಿದ್ದ ಹತ್ತು ಜನರ ಎದುರು ಮೇಜಿನ ಮೇಲೆ ಇಟ್ಟು, "ಇದನ್ನ ನೀವೇ ಹಾಕ್ಕೊಂಡು ಊಟ ಮಾಡಿ, ನೋಡೋಣ" ಎಂದು ಹೇಳಿ ಹೋಗಿದ್ದರು. ಆ ಸೆಟ್ಟು ಇಡೀ ಮಧ್ಯಾಹ್ನ ಅಲ್ಲಿಯೇ ಬಾಯಿ ತೆರೆದುಕೊಂಡು ಕೂತಿತ್ತು, ಎತ್ತಿಡುವುದಕ್ಕೂ ಅವನಿಗೆ ನಾಚಿಕೆ. ಅದನ್ನು ಅಕ್ಕನಿಗೆ ಹೇಳಿಕೊಂಡು ಫೋನಿನಲ್ಲೇ ಹೆಚ್ಚುಕಡಿಮೆ ಅತ್ತಿದ್ದ, ನಲವತ್ತು ದಾಟಿದ ಗಂಡಸು. ಅದು ಅವಳ ನೆನಪಿನಲ್ಲಿದೆ. ತಮ್ಮನಿಗೆ ಬೇಜಾರಾಗುತ್ತದೆ ಎಂದು ಬಾಯಲ್ಲಿ ಮುಳ್ಳು ಇಟ್ಟುಕೊಂಡು ನಗುತ್ತಿದ್ದಾಳೆ. ಅವಳು ಎಂದೂ ಹಾಗೆಯೇ. ಅಮ್ಮ ಹೋದ ವರ್ಷ ಅವಳಿಗೆ ಹದಿನೇಳು, ಅವನಿಗೆ ಐದು. ಅಂದಿನಿಂದ ಅವಳು ತಿಂದದ್ದು ಇವನು ತಿಂದು ಉಳಿದದ್ದನ್ನು. ಇದನ್ನೆಲ್ಲ ನೆನೆದುಕೊಂಡರೆ ಅವನಿಗೆ ಒಂದು ಥರದ ಸುಖವೂ ಆಗುತ್ತಿತ್ತು, ಅದಕ್ಕಾಗಿ ಮತ್ತೆ ನಾಚಿಕೆಯಾಗುತ್ತಿತ್ತು.

ಎರಡನೆಯ ಸಲ ಅವನು ಪುಡಿಯಿಂದ ಶುರು ಮಾಡಿದ. ಒಂದು ಲೋಟ ಮೈದಾ, ಕಾಲು ಲೋಟ ಕಾರ್ನ್‌ಫ್ಲೋರು, ಉಪ್ಪು, ಒಂದಿಷ್ಟು ಕಾಳುಮೆಣಸಿನ ಪುಡಿ, ಚಿಟಿಕೆ ಅಡುಗೆ ಸೋಡಾ. ಒಣ ಪುಡಿಯನ್ನೇ ಬೆರಳಿನಿಂದ ಕಲಸಿದ. ಫ್ರಿಜ್ಜಿನಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಾಗ ಅದು ಬುಸ್ಸೆಂದಿತು, ಅವನಿಗೆ ಯಾಕೋ ಹಿತವೆನಿಸಿತು. ನಡುವೆ ಗುಂಡಿ ಮಾಡಿ ಸೋಡಾ ಹೊಯ್ದ, ಎರಡು ಕಡ್ಡಿಯಿಂದ ಹತ್ತೇ ಹತ್ತು ಸುತ್ತು ತಿರುಗಿಸಿದ, ಎಣಿಸಿ. ಹಿಟ್ಟು ಗಂಟುಗಂಟಾಗಿ, ಉಬ್ಬುತ್ತ, ಪಿಸುಗುಟ್ಟುತ್ತ ಇತ್ತು. ಕೈ ಬಟ್ಟಲನ್ನು ಎತ್ತಿ ತಟ್ಟಲು ಹೋಯಿತು. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಒಬ್ಬನೇ ನಕ್ಕ. ಕಿಟಕಿಯಿಂದ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು, ಪಕ್ಕದ ಮನೆಯ ಹೆಂಗಸು ತಂತಿಯ ಮೇಲೆ ಬಟ್ಟೆ ಹರವುತ್ತ ಮಗನಿಗೆ ಏನೋ ಬೈಯುತ್ತಿದ್ದಳು, ಮುಂದಿನ ಕೋಣೆಯಲ್ಲಿ ಯಂತ್ರ ಓಡಿ ಓಡಿ ನಿಲ್ಲುತ್ತಿತ್ತು. ಮೀನಿನ ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಜಾಸ್ತಿಯಾದದ್ದನ್ನು ಕೊಡವಿ, ಬಾಲ ಹಿಡಿದು ಅದ್ದಿ, ಬಾಣಲೆಯೊಳಕ್ಕೆ ತನ್ನಿಂದ ಆಚೆಗೆ ಮಲಗಿಸಿದ. ಆಚೆಗೆ ಮಲಗಿಸಬೇಕು, ಮೈಗೆ ಎಣ್ಣೆ ಹಾರುತ್ತೆ ಎಂದು ಅಕ್ಕ ತಲೆಗೊಂದು ಮೊಟಕಿ ಹೇಳಿಕೊಟ್ಟದ್ದು. ಈ ಸಲ ಬಾಣಲೆ ಬಾಯಿ ತುಂಬ ಮಾತಾಡಿತು. ಕವಚ ಅಲ್ಲಲ್ಲಿ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಜಾಲರಿಯಿಂದ ಎತ್ತಿದಾಗ ಒಂದಕ್ಕೊಂದು ತಾಗಿ ಒಣ ಎಲೆಯ ಹಾಗೆ ಸದ್ದು ಮಾಡಿತು. ಇಷ್ಟು ಚೆನ್ನಾಗಿ ಅವನ ಕೈಯಲ್ಲಿ ಎಂದೂ ಬಂದಿರಲಿಲ್ಲ. ಒಂದು ಗಳಿಗೆ ಅವನಿಗೆ ಅಕ್ಕನ ಹಲ್ಲೂ ನೆನಪಿರಲಿಲ್ಲ.

ಆಮೇಲೆ ನೆನಪಾಯಿತು. ಎಂಟು ತುಂಡು ಗರಿಗರಿ ಮೀನು, ಜಾಲರಿಯ ಮೇಲೆ. ಇದನ್ನು ಬಲಗಡೆ ಕಚ್ಚಿದರೆ ಅವಳಿಗೆ ನೋಯುತ್ತದೆ, ಮುಖ ಚಿಕ್ಕದಾಗುತ್ತದೆ, ಅದನ್ನು ಅವನು ನೋಡಬೇಕಾಗುತ್ತದೆ. ಇದಕ್ಕೊಂದು ದಾರಿ ಕಟ್ಟೆಯ ಮೇಲೆಯೇ ಬಿದ್ದಿತ್ತು: ಸ್ಟೀಲಿನ ದೊಡ್ಡ ಮುಚ್ಚಳ. ಬಿಸಿ ಇರುವಾಗಲೇ ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ತನ್ನದೇ ಹಬೆಗೆ ಕವಚವೆಲ್ಲ ಮೆತ್ತಗಾಗಿಬಿಡುತ್ತದೆ, ಒಸಡಿನಲ್ಲೇ ತಿನ್ನಬಹುದು. ಅಯ್ಯೋ, ಬಸ್ಸು ತಡವಾಯಿತಲ್ಲ, ಮೆತ್ತಗಾಗಿಹೋಯಿತು ಎಂದರೆ ಆಯಿತು. ಅವಳಿಗೂ ಸುಖ, ಅವನಿಗೂ ಸುಖ. ಅವನು ತುಂಡುಗಳನ್ನು ತಟ್ಟೆಗೆ ಹಾಕಿ ಮುಚ್ಚಳ ಮುಚ್ಚಿದ. ನೊಣ ಬರುತ್ತದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಅಡುಗೆಮನೆಯಲ್ಲಿ ಒಂದು ನೊಣವೂ ಇರಲಿಲ್ಲ.

ಬಾಗಿಲು ಬಡಿದ ಸದ್ದು, ಹೆಂಡತಿ "ಬನ್ನಿ ಅಕ್ಕ, ಬನ್ನಿ, ಬಿಸಿಲಲ್ಲಿ ಬಂದ್ರಿ" ಎಂದದ್ದು, ಚಪ್ಪಲಿ ಬಿಡುವ ಸದ್ದು. "ಎಲ್ಲಿ ನಮ್ಮ ಡಾಕ್ಟರು?" "ಒಳಗೆ ಆಪರೇಷನ್ ಮಾಡ್ತಿದಾರೆ. ಬೆಳಗ್ಗಿಂದ ಯಾರನ್ನೂ ಬಿಡ್ತಿಲ್ಲ." ಇಬ್ಬರೂ ನಕ್ಕರು. ಅಕ್ಕನ ನಗು ಮೊದಲು ಬಾಯಿ ತುಂಬ ಬರುತ್ತಿತ್ತು. ಈಗ ಅರ್ಧಕ್ಕೆ ನಿಲ್ಲುತ್ತದೆ, ಏನನ್ನೋ ತುಟಿಯಿಂದ ಹಿಡಿದುಕೊಂಡವಳ ಹಾಗೆ. ಅದು ಇವತ್ತು ಅವನಿಗೆ ಗೋಡೆಯ ಈಚೆಯಿಂದಲೇ ಸ್ಪಷ್ಟವಾಗಿ ಕೇಳಿಸಿತು. ಎದುರಿಗಿದ್ದಾಗ ಯಾಕೆ ಕೇಳಿಸಿರಲಿಲ್ಲ? ಅವನು ಮುಚ್ಚಳ ತೆಗೆದ. ಒಳಮೈ ತುಂಬ ನೀರಿನ ಹನಿ. ಮೇಲಿನ ಎರಡು ತುಂಡು ಆಗಲೇ ಸುಸ್ತಾಗಿದ್ದವು. ಒಲೆಯನ್ನು ಜೋರು ಮಾಡಿ, ಎಂಟನ್ನೂ ಮತ್ತೆ ಎಣ್ಣೆಗೆ ಬಿಟ್ಟ, ಒಂದು ನಿಮಿಷ, ಇನ್ನೂ ಅರ್ಧ ನಿಮಿಷ, ಇರಲಿ ಎಂದು ಇನ್ನೂ ಸ್ವಲ್ಪ. ಈಗ ಅವು ಮೊದಲಿಗಿಂತ ಗರಿಯಾಗಿದ್ದವು. ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಐವತ್ತೆರಡು ವರ್ಷದ ಗಂಡಸಿಗೆ ಮೀನು ಕರಿಯುವುದಕ್ಕೆ ಎದೆ ಹೊಡೆದುಕೊಳ್ಳುವುದು ಎಂದರೇನು ಎಂದು ತನ್ನನ್ನೇ ಬೈದುಕೊಂಡು ತಟ್ಟೆ ಹಿಡಿದು ಹೊರಗೆ ಬಂದ.

ಮೂವರೂ ಮೇಜಿನ ಸುತ್ತ ಕೂತರು. ಅರ್ಧ ಹೊಲಿದ ಅಂಗಿಗಳನ್ನು ಒಂದು ಕಡೆ ಒತ್ತಿ ಹೆಂಡತಿ ಜಾಗ ಮಾಡಿದ್ದಳು. ಅಕ್ಕ ತುಂಡೊಂದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. "ಪರವಾಗಿಲ್ವೇ. ನಾನು ಹೇಳಿಕೊಟ್ಟದ್ದು ಮರೆತಿಲ್ಲ" ಎಂದು ಕಚ್ಚಿದಳು. ಕರುಂ ಎಂದಿತು. ಅವಳು ಕಣ್ಣು ಮುಚ್ಚಿ ಅಗಿದಳು, "ಆಹಾ" ಎಂದಳು, ಮತ್ತೆ ಕಚ್ಚಿದಳು. ಮತ್ತೆ ಕರುಂ. ಅವನಿಗೆ ಎಂಟು ತಿಂಗಳ ಹೊರೆ ಇಳಿದ ಹಾಗಾಯಿತು, ಒಂದು ತುಂಡು ಎತ್ತಿಕೊಳ್ಳಲು ಕೈಯನ್ನೂ ಚಾಚಿದ, ಅಷ್ಟರಲ್ಲಿ ಕಣ್ಣಿಗೆ ಬಿತ್ತು: ಎಡಗಡೆ. ಕಚ್ಚಿದ್ದು ಎಡಗಡೆ, ಅಗಿದದ್ದು ಎಡಗಡೆ, ಬಲಗೆನ್ನೆ ಬಾಡಿಗೆಗೆ ಕೊಡದ ಮನೆಯ ಹಾಗೆ ಖಾಲಿ. ಇಪ್ಪತ್ತೆಂಟು ವರ್ಷ ಜನರ ದವಡೆ ನೋಡಿದವನ ಕಣ್ಣು ಅದು, ಮುಚ್ಚು ಎಂದರೆ ಮುಚ್ಚುತ್ತದೆಯೇ.

"ಅಕ್ಕ, ಬಲಗಡೆ ಅಗಿ."

"ಯಾಕೋ? ನನ್ನ ಬಾಯಿ, ನಂಗೆ ಬೇಕಾದ ಕಡೆ ಅಗೀತೀನಿ."

"ಬಾಯಿ ತೆಗಿ, ನೋಡೋಣ."

"ಊಟದ ಹೊತ್ತಲ್ಲಿ ಇದೇನ್ರೀ!" ಎಂದಳು ಹೆಂಡತಿ.

ಅಕ್ಕ ಬಾಯಲ್ಲಿದ್ದದ್ದನ್ನು ನುಂಗಿ, ನೀರು ಕುಡಿದು, ಕೈ ಒರೆಸಿಕೊಂಡಳು. ಆ ಕಡೆ ಮುಖ ತಿರುಗಿಸಿ ಕೆಳಗಿನ ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಇಟ್ಟು, ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು. ಅವನು ಬಿಚ್ಚಿ, ಮಗುಚಿ ಹಿಡಿದ. ಒಳಮೈ ತುಂಬ ಗೀರು, ಅಡ್ಡ, ಉದ್ದ, ಬಲಗಡೆಯ ಕೊನೆಯಿಂದ ಮುಂದಿನ ಹಲ್ಲಿನ ತನಕ. ಅವನು ಮಾಡಿದ ಮೊಳೆ ಅಲ್ಲಿ ಇರಲಿಲ್ಲ. ಮೊಳೆಯಿದ್ದ ಜಾಗದಲ್ಲಿ ಹಳ್ಳ. ಸುತ್ತಲೂ ಸವೆದು ತೆಳ್ಳಗಾಗಿತ್ತು. ಇದು ಯಾವ ಆಸ್ಪತ್ರೆಯ ಯಂತ್ರವೂ ಮಾಡಿದ್ದಲ್ಲ.

"ಬೈಬೇಡ" ಎಂದಳು ಅಕ್ಕ. ಕೆಳಗಿನ ಹಲ್ಲಿಲ್ಲದೆ ಅವಳ ಮುಖ ಇದ್ದಕ್ಕಿದ್ದಂತೆ ಚಿಕ್ಕದಾಗಿತ್ತು, ಮಾತು ಮೆತ್ತಗೆ ಜಾರುತ್ತಿತ್ತು. "ಮೊದಮೊದಲು ಒಂದು ಕಡೆ ಚುಚ್ತಿತ್ತು. ನನ್ನ ಒಸಡೇ ಸರಿ ಇಲ್ಲ ಅಂದ್ಕೊಂಡೆ. ನಿಂಗೆ ಹೇಳಿದ್ರೆ ಮತ್ತೆ ಕರ್ಸ್ತೀಯ, ಮತ್ತೆ ಆ ಪೇಸ್ಟು ತುರುಕ್ತಾರೆ, ಅದನ್ನ ನೆನೆಸ್ಕೊಂಡ್ರೇ ನಂಗೆ ಹೊಟ್ಟೆ ತೊಳ್ಸುತ್ತೆ. ಉಗುರು ಉಜ್ಜೋ ಅರ ಇತ್ತು, ಅದ್ರಲ್ಲಿ ಸ್ವಲ್ಪ ಉಜ್ಜಿದೆ. ಹಿತ ಆಯ್ತು. ಇನ್ನೊಂದ್ ಸ್ವಲ್ಪ ಉಜ್ಜಿದೆ. ಆಮೇಲೆ ಅಲುಗಾಡೋಕೆ ಶುರು ಆಯ್ತು, ಸರಿ ಮಾಡೋಣ ಅಂತ ಆ ಕಡೆ ಈ ಕಡೆ ಉಜ್ಜಿದೆ. ಅಷ್ಟು ಚೆಂದದ ಸೆಟ್ಟು. ಕೈಯಾರೆ ಕೆಡಿಸ್ಬಿಟ್ಟೆ. ನಿಂಗೆ ಹೇಳೋಕೆ ಹೆದರಿಕೆ ಆಯ್ತು ಕಣೋ."

ಹೆದರಿಕೆ. ಅವನಿಗೆ ಆ ಮಾತು ಅರ್ಥವಾಗಲು ಹೊತ್ತು ಹಿಡಿಯಿತು. ಅವನ ಬೇಜಾರಿಗಾಗಿ ಅವಳು ಮುಳ್ಳು ನುಂಗಿಕೊಂಡಿದ್ದಾಳೆ ಎಂದು ಎಂಟು ತಿಂಗಳು ಕತೆ ಕಟ್ಟಿಕೊಂಡು ಅದರಲ್ಲೇ ಬೆಚ್ಚಗೆ ಕೂತಿದ್ದನಲ್ಲ; ಅವಳು ಹೆದರಿದ್ದಳು, ಅಷ್ಟೆ. ತಲೆಗೆ ಮೊಟಕಿ ಬೆಳೆಸಿದ ತಮ್ಮ ಬೈಯುತ್ತಾನೆ ಎಂದು. ತಾನು ಯಾವಾಗ ಅಕ್ಕ ಹೆದರುವಂಥ ಮನುಷ್ಯನಾದೆ? ಬಿಳಿ ಕೋಟು ಹಾಕಿಕೊಂಡ ಯಾವುದೋ ಒಂದು ದಿನ ಆಗಿರಬೇಕು, ಅವನಿಗೇ ಗೊತ್ತಾಗದ ಹಾಗೆ. ಹೆಂಡತಿ ಅಕ್ಕನ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಿ ಅಕ್ಕ, ಅದಕ್ಯಾಕೆ ಇಷ್ಟು? ಇವರೇನು ಬೈಯೋದು? ಇನ್ನೊಂದು ಮಾಡಿಕೊಡ್ತಾರೆ. ಅಲ್ವೇನ್ರೀ?" ಎಂದಳು. ಇಬ್ಬರೂ ಅವನ ಮುಖ ನೋಡಿದರು. ಎಲ್ಲ ತಾನಾಗಿಯೇ ಸರಿಹೋಗಿತ್ತು. ಪರವಾಗಿಲ್ಲ ಎಂದರೆ ಸಾಕಿತ್ತು. ತೂತಿಲ್ಲ, ಮೊಳೆಯಿಲ್ಲ, ಇದ್ದದ್ದಕ್ಕೆ ಸಾಕ್ಷಿಯೂ ಇಲ್ಲ. ಅವಳೇ ತನ್ನ ಕೈಯಾರೆ ಎಲ್ಲ ಉಜ್ಜಿ ತೆಗೆದಿದ್ದಾಳೆ. ಪರವಾಗಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಹೊಸ ಸೆಟ್ಟು ಮಾಡಿಕೊಟ್ಟರೆ ಅವಳು ಸಾಯುವ ತನಕ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಬಹಳ ಸಿಹಿಯಾಗಿತ್ತು.

"ನೀನು ಕೆಡಿಸಿದ್ದಲ್ಲ ಅಕ್ಕ" ಎಂದ ಅವನು. "ನಾನು ಕೊಡೋವಾಗಲೇ ಕೆಟ್ಟಿತ್ತು."

ಹೇಳಿದ. ಬಟ್ಟಲು ತಟ್ಟದೆ ಬಿಟ್ಟದ್ದು, ಯಾಕೆ ಬಿಟ್ಟದ್ದು, ತೂತು, ಕಣ್ಣಳತೆಯಲ್ಲಿ ತುಂಬಿದ್ದು, ಬೆರಳಿಗೆ ಸಿಕ್ಕರೂ ಸಿಗಲಿಲ್ಲ ಅಂದುಕೊಂಡದ್ದು. ಹಾಲಿನ ಪಾತ್ರೆ ಸರಿಸಿ ಸುಮ್ಮನೆ ಕೂತದ್ದನ್ನೂ ಹೇಳಿದ. ಹೇಳುವಾಗ ಮುಖ ಎತ್ತಲಿಲ್ಲ, ಸೆಟ್ಟನ್ನು ಕರವಸ್ತ್ರದಿಂದ ಒರೆಸುತ್ತಲೇ ಇದ್ದ. ಮುಗಿದ ಮೇಲೆ ಹೆಂಡತಿ ಅವನನ್ನು ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು.

"ಎಂಟು ತಿಂಗಳು" ಎಂದಳು ಅಕ್ಕ.

"ಹೂಂ."

"ಎಂಟು ತಿಂಗಳು ನನ್ನ ಒಸಡಿಗೆ ನಾನೇ ಶಾಪ ಹಾಕಿದೀನಿ. ದಿನಾ ಬಾಗಿಲು ಹಾಕ್ಕೊಂಡು ಕಳ್ಳಿ ಥರ ಕೂತು ಉಜ್ಜಿದೀನಿ. ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ, ಕತ್ತೆ! ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ?" ಕೆಳಗಿನ ಹಲ್ಲಿಲ್ಲದೆ 'ಕತ್ತೆ' ಎಂಬ ಮಾತು ಎಷ್ಟು ಮೃದುವಾಗಿ, ಮಗುವನ್ನು ಮುದ್ದಿಸುವ ಹಾಗೆ ಬಂತೆಂದರೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹೆಗಲು ಅಲುಗಿದವು. ಅಕ್ಕನಿಗೆ ಇನ್ನೂ ಸಿಟ್ಟು ಬಂತು. "ನಗ್ಬೇಡಮ್ಮ ನೀನು! ಈ ಮಹಾರಾಯ ಬಟ್ಟಲು ಬಡಿಯೋಕೆ ನಾಚ್ಕೊಂಡನಂತೆ. ನಾನು ಅಲ್ಲಿ ಬಂದು ಕೂತದ್ದು ಯಾಕೆ? ಇವನ ಕೆಲ್ಸ ನೋಡೋಕೆ. ಕೋಟು ನೋಡೋಕಲ್ಲ! ನಾಳೆ ಬರ್ತೀನಿ ಆಸ್ಪತ್ರೆಗೆ. ವಾಂತಿ ಬಂದ್ರೂ ಸರಿ, ಬಾಯಿ ತೆಗೀತೀನಿ. ಆದ್ರೆ ನೀನು ಬಾಯಿ ತೆಗೀಬಾರ್ದು, ಗೊತ್ತಾಯ್ತಾ? ತಲೆ ಬಗ್ಸಿ ಕೆಲ್ಸ ಮಾಡು. ಕೊಡಿಲ್ಲಿ ಅದನ್ನ, ಮೀನು ತಣ್ಣಗಾಗ್ತಿದೆ." ಕೈ ಚಾಚಿ ಸೆಟ್ಟು ಕಿತ್ತುಕೊಂಡಳು, ಲೋಟದ ನೀರಿನಲ್ಲಿ ತೊಳೆದಳು, ಈ ಸಲ ಮುಖ ತಿರುಗಿಸದೆ ಅವನ ಎದುರೇ ಬಾಯಿಗೆ ಹಾಕಿ ಹೆಬ್ಬೆರಳಿನಿಂದ ಒತ್ತಿಕೊಂಡಳು. ತಟ್ಟೆಯಲ್ಲಿದ್ದ ದೊಡ್ಡ ತುಂಡನ್ನೇ ಆರಿಸಿ ಎತ್ತಿದಳು.

ಹೀಗೆ ಅವನನ್ನು ಯಾರಾದರೂ ಬೈದು ಎಷ್ಟು ವರ್ಷವಾಗಿತ್ತೋ. ಅವನು ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬೆಳಗ್ಗೆಯಿಂದ ಆ ಚಕ್ಕಳದ ಚೂರು ಬಿಟ್ಟರೆ ಬೇರೇನೂ ತಿಂದಿಲ್ಲವೆಂದು ಆಗ ಗೊತ್ತಾಯಿತು, ವಿಪರೀತ ಹಸಿವಾಗಿತ್ತು. ಅವನು ತಿಂದ. ಅಕ್ಕ ಬಾಯಿ ತುಂಬ ಮೀನು ಇಟ್ಟುಕೊಂಡು, ಎಡಗಡೆಯಿಂದ, ಬೈಯುತ್ತಲೇ ಇದ್ದಳು.